ಮನೆಯ ಸ್ಮಾರ್ಟ್ ಸಾಧನಗಳೆಲ್ಲ ಒಬ್ಬರ ಖಾತೆಯಲ್ಲಿದ್ದರೆ ಉಳಿದವರಿಗೆ ಅನುಮತಿ ಹಂಚುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾನು, ನನ್ನ ಪತಿ, ಅತ್ತೆಯವರು ಮತ್ತು 14 ವರ್ಷದ ಮಗ ಇದ್ದೇವೆ. ಅತ್ತೆಯವರ ಆರೈಕೆಗೆಂದು ಹಗಲು ಹೊತ್ತಿನಲ್ಲಿ ಒಬ್ಬ ಸಹಾಯಕಿ ಬಂದು ಹೋಗುತ್ತಾರೆ. ಮೂರು ವರ್ಷಗಳ ಹಿಂದೆ ಒಂದು ಬಲ್ಬಿನಿಂದ ಆರಂಭವಾದ ನನ್ನ ಹವ್ಯಾಸ ಈಗ ಎರಡು ಸ್ಪೀಕರ್, ಹತ್ತು ಹನ್ನೆರಡು ದೀಪ, ನಾಲ್ಕು ಪ್ಲಗ್, ಮುಂಬಾಗಿಲಿನ ಬೀಗ ಮತ್ತು ಹಜಾರದ ಒಂದು ಕ್ಯಾಮೆರಾದವರೆಗೆ ಬೆಳೆದು ನಿಂತಿದೆ. ಇವನ್ನೆಲ್ಲ ಜೋಡಿಸಿದವಳು ನಾನಾದ್ದರಿಂದ ಎಲ್ಲವೂ ನನ್ನ ಸ್ವಂತ ಇಮೇಲ್ ಖಾತೆಯಲ್ಲಿಯೇ ಇವೆ. ಮನೆಯವರೂ ಬಳಸಬೇಕಲ್ಲ ಎಂದು ಸುಲಭವಾಗಿ ತೋರಿದ ದಾರಿಯನ್ನೇ ಹಿಡಿದೆ: ಎಲ್ಲರ ಫೋನಿನಲ್ಲೂ, ಸಹಾಯಕಿಯವರ ಫೋನಿನಲ್ಲೂ ಸಹ, ನನ್ನ ಪಾಸ್‌ವರ್ಡ್ ಹಾಕಿ ಲಾಗ್‌ಇನ್ ಮಾಡಿಕೊಟ್ಟೆ.

ಅದರ ಫಲವನ್ನು ಈಗ ಉಣ್ಣುತ್ತಿದ್ದೇನೆ. ಕಳೆದ ತಿಂಗಳು ನಾನು ಪ್ರಯಾಣದಲ್ಲಿದ್ದಾಗ ಪತಿಯ ಫೋನಿನಲ್ಲಿ ಆ್ಯಪ್ ತಾನಾಗಿಯೇ ಲಾಗ್‌ಔಟ್ ಆಯಿತು. ಮತ್ತೆ ಒಳಹೋಗಲು ಬೇಕಾದ ಒಟಿಪಿ ನನ್ನ ಫೋನಿಗೆ ಬರಬೇಕಿತ್ತು, ನನ್ನ ಫೋನಿಗೋ ಸಿಗ್ನಲ್ ಇರಲಿಲ್ಲ. ಹಜಾರದ ದೀಪಗಳನ್ನು ಆರಿಸಲು ಅವರಿಗೆ ಬೇರೆ ದಾರಿ ತೋಚದೆ ಅವು ರಾತ್ರಿಯೆಲ್ಲ ಉರಿದವು. ಗೋಡೆಯ ಸ್ವಿಚ್ಚನ್ನು ಯಾರೂ ಮುಟ್ಟಬಾರದೆಂದು ಅದರ ಮೇಲೆ ಟೇಪ್ ಅಂಟಿಸಿದವಳು ನಾನೇ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ದಿನ ಮುಂಬಾಗಿಲಿನ ಬೀಗಕ್ಕೆ ಸಂಬಂಧಿಸಿದ ಒಂದು ಸ್ವಯಂಚಾಲಿತ ನಿಯಮವೇ ಅಳಿಸಿಹೋಗಿತ್ತು. ಮಗ ತಾನಲ್ಲ ಎನ್ನುತ್ತಾನೆ, ಪತಿ ತಾವಲ್ಲ ಎನ್ನುತ್ತಾರೆ. ದಾಖಲೆಯನ್ನು ತೆರೆದು ನೋಡಿದರೆ ಅಲ್ಲಿರುವುದು ನನ್ನ ಹೆಸರೇ. ಕೊನೆಯದಾಗಿ, ಅತ್ತೆಯವರು ಮೊನ್ನೆ ಸಹಜವಾಗಿ ಒಂದು ಪ್ರಶ್ನೆ ಕೇಳಿದರು: "ಆ ಕ್ಯಾಮೆರಾದಲ್ಲಿ ನನ್ನನ್ನು ಈಗ ಯಾರು ನೋಡುತ್ತಿರುತ್ತಾರಮ್ಮ?" ಒಂದೇ ಖಾತೆ ನಾಲ್ಕು ಫೋನುಗಳಲ್ಲಿ ತೆರೆದಿರುವಾಗ ನಾನು ಏನೆಂದು ಉತ್ತರಿಸಲಿ?

ಹಾಗಾಗಿ ತಿಳಿದವರಲ್ಲಿ ಕೇಳುತ್ತಿದ್ದೇನೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಮಾಡಿಸಬೇಕೇ, ಅಥವಾ ಮನೆಗೆಂದೇ ಒಂದು ಸಾಮಾನ್ಯ ಖಾತೆ ತೆರೆದರೆ ಸಾಕೇ? ದೀಪಗಳನ್ನು ಎಲ್ಲರಿಗೂ ಕೊಟ್ಟು ಬೀಗ ಮತ್ತು ಕ್ಯಾಮೆರಾವನ್ನು ಕೆಲವರಿಗಷ್ಟೇ ಕೊಡುವುದು ಸಾಧ್ಯವೇ? ನಾನು ಕೈಗೆ ಸಿಗದ ಸಂದರ್ಭದಲ್ಲಿ ಮನೆ ನಡೆಯುವುದು ಹೇಗೆ? ನನ್ನ ಸ್ಪೀಕರ್ ಒಂದು ಕಂಪನಿಯದು, ಬೀಗ ಇನ್ನೊಂದರದು, ದೀಪಗಳು ಮತ್ತೊಂದರವು. ಆದ್ದರಿಂದ ಯಾವುದೋ ಒಂದು ಆ್ಯಪಿಗೆ ಸೀಮಿತವಾಗದ ಉತ್ತರವಾದರೆ ಹೆಚ್ಚು ಉಪಕಾರವಾಗುತ್ತದೆ.

ಉತ್ತರ 1

ನೀವು ಪಾಸ್‌ವರ್ಡ್ ಹಂಚಿದ ಕ್ಷಣದಿಂದ ಆ ವ್ಯವಸ್ಥೆಯ ಲೆಕ್ಕದಲ್ಲಿ ನಿಮ್ಮ ಮನೆಯಲ್ಲಿ ಒಬ್ಬರೇ ವಾಸವಾಗಿದ್ದಾರೆ, ಅವರ ಬಳಿ ನಾಲ್ಕು ಫೋನುಗಳಿವೆ. ನಿಮ್ಮ ಎಲ್ಲ ತೊಂದರೆಗಳೂ ಇಲ್ಲಿಂದಲೇ ಹುಟ್ಟಿವೆ. ಇರುವುದೇ ಒಬ್ಬರೆಂದ ಮೇಲೆ ದಾಖಲೆಯಲ್ಲಿ ಎರಡನೆಯ ಹೆಸರು ಕಾಣಲಾರದು. ಒಬ್ಬರಿಗೆ ಕೊಟ್ಟದ್ದನ್ನು ಉಳಿದವರಿಗೆ ತಾಗದಂತೆ ಹಿಂದಕ್ಕೆ ಪಡೆಯಲೂ ಬಾರದು. ಅದಕ್ಕಿಂತ ಮುಖ್ಯವಾಗಿ, ಆ ಪಾಸ್‌ವರ್ಡ್ ನಿಮ್ಮ ಸ್ವಂತ ಇಮೇಲಿನದೇ ಆಗಿದ್ದರೆ ದೀಪ ಹಾಕಲೆಂದು ಕೊಟ್ಟ ಕೀಲಿ ನಿಮ್ಮ ಪತ್ರಗಳ, ಚಿತ್ರಗಳ ಕಪಾಟನ್ನೂ ತೆರೆಯುತ್ತದೆ. ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಫೋನಿನಿಂದ ಸಾಧನಗಳನ್ನು ನಿಯಂತ್ರಿಸಬೇಕಾದ ಪ್ರತಿಯೊಬ್ಬರಿಗೂ ಅವರದೇ ಖಾತೆ ಇರಬೇಕು, ಆ ಖಾತೆಯನ್ನು ನೀವು ಮನೆಯೊಳಗೆ ಆಹ್ವಾನಿಸಬೇಕು.

ಆಹ್ವಾನಿಸುವುದರಲ್ಲಿ ಎರಡು ಬಗೆಗಳಿವೆ, ಬಹಳ ಮಂದಿ ಇವನ್ನು ಒಂದೇ ಎಂದು ತಿಳಿಯುತ್ತಾರೆ. ಒಂದು, ಇಡೀ ಮನೆಯ ಸದಸ್ಯರನ್ನಾಗಿ ಸೇರಿಸಿಕೊಳ್ಳುವುದು. ಇದರಲ್ಲಿ ಇಂದು ಇರುವ ಸಾಧನಗಳ ಜೊತೆಗೆ ನಾಳೆ ನೀವು ತರುವ ಸಾಧನವೂ ಅವರಿಗೆ ತಾನಾಗಿ ಸಿಗುತ್ತದೆ. ಇನ್ನೊಂದು, ಒಂದೇ ಒಂದು ಸಾಧನವನ್ನು ಹಂಚುವುದು. ಅಲ್ಲಿ ಆ ಸಾಧನದ ಹೊರತು ಬೇರೇನೂ ಅವರಿಗೆ ಕಾಣುವುದಿಲ್ಲ. ಪತಿಗೆ ಮೊದಲನೆಯದು ಸರಿ. ಮಗನ ವಿಷಯದಲ್ಲಿ ಅವನ ಕೋಣೆಯ ದೀಪ, ಪ್ಲಗ್ ಇಷ್ಟನ್ನೇ ಬಿಡಿಯಾಗಿ ಹಂಚುವುದು ಹೆಚ್ಚು ಸೂಕ್ತವಾದೀತು.

ಎಷ್ಟರಮಟ್ಟಿಗೆ ಅಧಿಕಾರವನ್ನು ಒಡೆಯಬಹುದು ಎಂಬುದು ಆ್ಯಪಿನಿಂದ ಆ್ಯಪಿಗೆ ಬದಲಾಗುತ್ತದೆ. ಗೂಗಲ್ ಹೋಮ್‌ನಲ್ಲಿ ಅಡ್ಮಿನ್ ಮತ್ತು ಮೆಂಬರ್ ಎಂಬ ಎರಡು ಸ್ಥಾನಗಳಿವೆ. ಮೆಂಬರ್ ಆದವರಿಗೆ ಸೆಟ್ಟಿಂಗ್ಸ್ ಬದಲಿಸುವ ಅವಕಾಶ ಬೇಕೇ, ಮನೆಯಲ್ಲಿ ನಡೆದ ಚಟುವಟಿಕೆಯನ್ನು ನೋಡುವ ಅವಕಾಶ ಬೇಕೇ ಎಂಬುದನ್ನು ಬೇರೆ ಬೇರೆಯಾಗಿ ನಿರ್ಧರಿಸಬಹುದು. ಆ್ಯಪಲ್ ಹೋಮ್‌ನಲ್ಲಿ ಮನೆಗೆ ಒಬ್ಬರೇ ಮಾಲೀಕರು. ಆಹ್ವಾನಿತರು ಮನೆಯಿಂದ ಹೊರಗಿದ್ದಾಗಲೂ ನಿಯಂತ್ರಿಸಬಹುದೇ, ಸಾಧನಗಳನ್ನು ಸೇರಿಸಿ ತಿದ್ದಬಹುದೇ ಎಂಬ ಎರಡು ಗುಂಡಿಗಳು ಪ್ರತಿಯೊಬ್ಬರ ಹೆಸರಿನ ಮುಂದೆಯೂ ಇರುತ್ತವೆ. 2024ರಲ್ಲಿ ಬಂದ ಐಒಎಸ್ 18ರಿಂದ ಅತಿಥಿ ಎಂಬ ಮೂರನೆಯ ಸ್ಥಾನವೂ ಸೇರಿದೆ. ಬೀಗ, ಗ್ಯಾರೇಜ್ ಬಾಗಿಲು, ಭದ್ರತಾ ವ್ಯವಸ್ಥೆ ಮುಂತಾದವನ್ನು ಗೊತ್ತುಪಡಿಸಿದ ದಿನ ಮತ್ತು ಹೊತ್ತಿಗೆ ಮಾತ್ರ ಅತಿಥಿಗೆ ತೆರೆದಿಡಬಹುದು. ಹಲವು ಕಂಪನಿಗಳ ಸಾಧನಗಳು ಬಳಸುವ ಟುಯಾ ಎಂಬ ವೇದಿಕೆಯನ್ನು ಆಧರಿಸಿದ ಸ್ಮಾರ್ಟ್ ಲೈಫ್‌ನಂತಹ ಆ್ಯಪ್‌ಗಳಲ್ಲಿ ಮಾಲೀಕರು, ನಿರ್ವಾಹಕರು, ಸಾಮಾನ್ಯ ಸದಸ್ಯರು ಎಂಬ ಮೂರು ಮೆಟ್ಟಿಲುಗಳಿವೆ. ಸಾಮಾನ್ಯ ಸದಸ್ಯರು ಸಾಧನವನ್ನು ಬಳಸಬಹುದು, ತೆಗೆದುಹಾಕಲಾರರು.

ಈಗ ನಿಮ್ಮಂತಹ ಬೆರಕೆ ಮನೆಗಳಲ್ಲಿ ಎಲ್ಲರೂ ಎಡವುವ ಒಂದು ಜಾಗವನ್ನು ಹೇಳುತ್ತೇನೆ. ನಿಮ್ಮ ಬೀಗ ಮೊದಲು ಸೇರಿರುವುದು ಅದನ್ನು ತಯಾರಿಸಿದ ಕಂಪನಿಯ ಆ್ಯಪಿಗೆ. ಆಮೇಲೆ ನೀವು ಆ ಖಾತೆಯನ್ನು ಸ್ಪೀಕರಿನ ಖಾತೆಯೊಡನೆ ಜೋಡಿಸಿದ್ದೀರಿ. ಅಂದರೆ ಒಂದೇ ಬೀಗಕ್ಕೆ ಎರಡು ಕಡೆ ಎರಡು ಸದಸ್ಯರ ಪಟ್ಟಿಗಳಿವೆ, ಒಂದಕ್ಕೆ ಇನ್ನೊಂದರ ಸುದ್ದಿ ತಿಳಿಯುವುದಿಲ್ಲ. ಸ್ಪೀಕರಿನ ಆ್ಯಪಿನಿಂದ ಒಬ್ಬರನ್ನು ತೆಗೆದುಹಾಕಿ ನಿಶ್ಚಿಂತರಾದರೆ, ಬೀಗದ ಆ್ಯಪ್ ಅವರ ಫೋನಿನಲ್ಲಿ ಹಿಂದಿನಂತೆಯೇ ಬಾಗಿಲು ತೆರೆಯುತ್ತಿರುತ್ತದೆ. ಅನುಮತಿ ಕೊಡುವಾಗ ಒಂದೇ ಕಡೆಯಿಂದ ಕೊಡಿ, ಹಿಂಪಡೆಯುವಾಗ ಎರಡೂ ಕಡೆ ನೋಡಿ.

ಬದಲಾವಣೆಯನ್ನು ಮಾಡುವ ಕ್ರಮವೂ ಮುಖ್ಯ. ಮೊದಲು ಎಲ್ಲರ ಹೊಸ ಖಾತೆಗಳನ್ನು ಆಹ್ವಾನಿಸಿ, ಅವರವರ ಫೋನಿನಲ್ಲಿ ದೀಪ ಹತ್ತುತ್ತದೆಯೇ ಎಂದು ನೋಡಿ, ಅನಂತರ ನಿಮ್ಮ ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಈಗಾಗಲೇ ತೆರೆದಿರುವ ಫೋನುಗಳೆಲ್ಲ ಹೊರಬೀಳುತ್ತವೆ ಎಂದು ಭಾವಿಸಬೇಡಿ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವ ಆಯ್ಕೆಯನ್ನು ಹುಡುಕಿ ಒತ್ತಬೇಕಾಗುತ್ತದೆ. ನಾನು ಇದನ್ನು ಬಿಟ್ಟು, ಎರಡು ವರ್ಷ ಹಿಂದೆ ಮಾರಿದ ಟ್ಯಾಬ್ಲೆಟ್ ಒಂದು ನನ್ನ ಮನೆಯ ದೀಪಗಳ ಪಟ್ಟಿಯಲ್ಲಿ ಇನ್ನೂ ಹಸಿರು ಚುಕ್ಕೆಯೊಡನೆ ಕುಳಿತಿದ್ದುದನ್ನು ತಡವಾಗಿ ಕಂಡೆ.

ಪ್ರಶ್ನೆ ಕೇಳಿದವರು

ಬಹಳ ಸ್ಪಷ್ಟವಾಗಿ ವಿವರಿಸಿದ್ದೀರಿ, ಧನ್ಯವಾದಗಳು. ಎರಡು ಪಟ್ಟಿಗಳ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಂದು ಸಂದೇಹ ಉಳಿದಿದೆ. ಫೋನಿನಲ್ಲಿ ನಾನು ಎಷ್ಟೇ ಕಟ್ಟುನಿಟ್ಟು ಮಾಡಿದರೂ ಸ್ಪೀಕರಿನ ಮುಂದೆ ನಿಂತು ಯಾರು ಬೇಕಾದರೂ ಮಾತನಾಡಬಹುದಲ್ಲವೇ? ಮಗ ಅಜ್ಜಿಯ ಕೋಣೆಯ ದೀಪವನ್ನು ನೀಲಿ ಮಾಡಿ ನಗುವುದು ಹೆಚ್ಚಾಗಿ ಆ ದಾರಿಯಿಂದಲೇ.

ಉತ್ತರ 1ನ್ನು ಬರೆದವರು

ಹೌದು, ಮಾತನಾಡಬಹುದು. ಸ್ಪೀಕರ್ ಧ್ವನಿಯನ್ನು ಗುರುತಿಸುತ್ತದೆ ಎಂದು ನಾವು ಕೇಳಿರುತ್ತೇವೆ. ಗೂಗಲ್‌ನ ವಾಯ್ಸ್ ಮ್ಯಾಚ್ ಒಂದು ಸಾಧನದಲ್ಲಿ 6 ಜನರ ಧ್ವನಿಯನ್ನು ನೆನಪಿಡಬಲ್ಲದು. ಆದರೆ ಆ ಗುರುತಿಸುವಿಕೆ ಇರುವುದು ಮುಖ್ಯವಾಗಿ ಅವರವರ ಕ್ಯಾಲೆಂಡರ್, ಅವರವರ ಹಾಡುಗಳ ಪಟ್ಟಿಯನ್ನು ಅವರವರಿಗೇ ಒದಗಿಸುವುದಕ್ಕೆ. ದೀಪ ಹಾಕು ಎಂದರೆ ಪರಿಚಯವಿಲ್ಲದ ಧ್ವನಿಗೂ ಅದು ಹಾಕುತ್ತದೆ. ಬೀಗ ತೆರೆಯುವ ಆಜ್ಞೆಗೆ ಮಾತ್ರ ಗೂಗಲ್ ಮತ್ತು ಅಲೆಕ್ಸಾ ಎರಡರಲ್ಲೂ ಪಿನ್ ಕೇಳುವ ವ್ಯವಸ್ಥೆ ಇದೆ. ಆ ಪಿನ್ನನ್ನೂ ಗಟ್ಟಿಯಾಗಿ ಹೇಳಬೇಕು, ಕೋಣೆಯಲ್ಲಿರುವವರೆಲ್ಲ ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಧ್ವನಿಯಿಂದ ಬೀಗ ತೆರೆಯುವುದನ್ನು ಪೂರ್ಣವಾಗಿ ನಿಲ್ಲಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ. ದೀಪ ನೀಲಿಯಾಗುವುದಕ್ಕೆ ತಂತ್ರಜ್ಞಾನದಲ್ಲಿ ಪರಿಹಾರ ಹುಡುಕಬೇಡಿ, ಮಗನೊಡನೆ ಮಾತನಾಡಿ.

ಉತ್ತರ 2

ಮೇಲಿನವರು ಕಂಪನಿಗಳ ಸರ್ವರುಗಳ ಮೂಲಕ ನಡೆಯುವ ಹಂಚಿಕೆಯನ್ನು ವಿವರಿಸಿದ್ದಾರೆ. ಸಾಧನದ ಒಳಗೇ ಬರೆದಿಡುವ ಅನುಮತಿಯ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಬೆರಕೆ ಮನೆಗಳಿಗೆ ಅದೂ ಒಂದು ದಾರಿ.

2022ರ ಅಕ್ಟೋಬರ್‌ನಲ್ಲಿ ಕನೆಕ್ಟಿವಿಟಿ ಸ್ಟ್ಯಾಂಡರ್ಡ್ಸ್ ಅಲಯನ್ಸ್ ಹೊರತಂದ ಮ್ಯಾಟರ್ ಎಂಬ ಮಾನಕದಲ್ಲಿ ಒಂದು ಬಲ್ಬು ಏಕಕಾಲಕ್ಕೆ ಹಲವು ವ್ಯವಸ್ಥೆಗಳಿಗೆ ಸೇರಿರಬಹುದು. ಪ್ರತಿಯೊಂದು ವ್ಯವಸ್ಥೆಯನ್ನೂ ಅಲ್ಲಿ ಫ್ಯಾಬ್ರಿಕ್ ಎಂದು ಕರೆಯುತ್ತಾರೆ. ಕನಿಷ್ಠ 5 ಫ್ಯಾಬ್ರಿಕ್‌ಗಳನ್ನಾದರೂ ಸಾಧನ ನೆನಪಿಡಬೇಕೆಂಬುದು ನಿಯಮ. ಅಂದರೆ ನಿಮ್ಮ ಪತಿ ಐಫೋನ್ ಬಳಸುವವರು, ನೀವು ಆಂಡ್ರಾಯ್ಡ್ ಬಳಸುವವರು ಎಂದಿಟ್ಟುಕೊಳ್ಳಿ. ಅದೇ ಬಲ್ಬನ್ನು ಅವರು ಆ್ಯಪಲ್ ಹೋಮ್‌ನಿಂದಲೂ ನೀವು ಗೂಗಲ್ ಹೋಮ್‌ನಿಂದಲೂ ನಡೆಸಬಹುದು, ಪಾಸ್‌ವರ್ಡ್ ಕೊಟ್ಟು ತೆಗೆದುಕೊಳ್ಳುವ ಮಾತೇ ಬರುವುದಿಲ್ಲ. ಮೊದಲು ಸೇರಿಸಿದವರ ಆ್ಯಪಿನಲ್ಲಿ ಜೋಡಣೆಯ ಅವಧಿಯನ್ನು ತೆರೆದರೆ ಒಂದು ಹೊಸ ಕೋಡ್ ಸಿಗುತ್ತದೆ. ಅದು ಹೆಚ್ಚೆಂದರೆ 15 ನಿಮಿಷ ಬಾಳುತ್ತದೆ, ಅಷ್ಟರೊಳಗೆ ಎರಡನೆಯವರು ತಮ್ಮ ಆ್ಯಪಿನಲ್ಲಿ ಅದನ್ನು ನಮೂದಿಸಬೇಕು. ಹಳೆಯ ಜೋಡಣೆ ಹಾಗೆಯೇ ಉಳಿಯುತ್ತದೆ.

ಮ್ಯಾಟರ್ ಸಾಧನದೊಳಗೆ ಯಾರು ಏನು ಮಾಡಬಹುದೆಂಬ ಪಟ್ಟಿಯೊಂದು ಇರುತ್ತದೆ. ಬರಿದೇ ನೋಡುವುದು, ನಡೆಸುವುದು, ನಿರ್ವಹಿಸುವುದು, ಪೂರ್ಣಾಧಿಕಾರ ಎಂದು ಅದರಲ್ಲಿ ಮೆಟ್ಟಿಲುಗಳಿವೆ. ಕೇಳಲು ಸೊಗಸಾಗಿದೆ. ಆದರೆ ಆ ಪಟ್ಟಿ ಎಣಿಸುವುದು ನಿಮ್ಮ ಅತ್ತೆಯವರನ್ನಾಗಲಿ ಮಗನನ್ನಾಗಲಿ ಅಲ್ಲ, ಹಬ್ (ಸಾಧನಗಳನ್ನು ಒಂದುಗೂಡಿಸಿ ನಡೆಸುವ ಕೇಂದ್ರ ಸಾಧನ) ಮತ್ತು ಆ್ಯಪ್‌ಗಳನ್ನು. ಮನುಷ್ಯರ ನಡುವಿನ ಭೇದವನ್ನು ಮಾಡುವ ಕೆಲಸ ಮತ್ತೆ ಆಯಾ ಆ್ಯಪಿನದೇ. ಇನ್ನೊಂದು ಎಚ್ಚರಿಕೆಯೂ ಬೇಕು: ಒಂದು ಫ್ಯಾಬ್ರಿಕ್‌ನಲ್ಲಿ ಪೂರ್ಣಾಧಿಕಾರ ಇರುವವರು ಅದೇ ಸಾಧನದಿಂದ ಇನ್ನೊಂದು ಫ್ಯಾಬ್ರಿಕ್ಕನ್ನು ಕಿತ್ತುಹಾಕಬಲ್ಲರು. ಆದ್ದರಿಂದ ಎರಡನೆಯ ವ್ಯವಸ್ಥೆಗೆ ಸೇರಿಸಿಕೊಳ್ಳುವುದೆಂದರೆ ಅತಿಥಿಯನ್ನು ಕರೆದಂತಲ್ಲ, ಸಹ-ಮಾಲೀಕರನ್ನು ಮಾಡಿಕೊಂಡಂತೆ. ಗಂಡ ಹೆಂಡತಿಯ ನಡುವೆ ಇದು ಸರಿ, ಮಗನಿಗೆ ಈ ದಾರಿ ಬೇಡ.

ನಾನು ಸ್ವತಃ ಬಳಸುವುದು ಹೋಮ್ ಅಸಿಸ್ಟೆಂಟ್. ಮನೆಯೊಳಗಿನ ಒಂದು ಪುಟ್ಟ ಕಂಪ್ಯೂಟರಿನಲ್ಲಿ ನಡೆಯುವ ಈ ತಂತ್ರಾಂಶದಲ್ಲಿ ಪ್ರತಿಯೊಬ್ಬರಿಗೂ ಬಳಕೆದಾರರ ಹೆಸರು ಕೊಡಬಹುದು, ನಿರ್ವಾಹಕರೇ ಅಲ್ಲವೇ ಎಂದು ಗುರುತು ಹಾಕಬಹುದು, ಮನೆಯ ನೆಟ್‌ವರ್ಕಿನೊಳಗಿಂದ ಮಾತ್ರ ಲಾಗ್‌ಇನ್ ಆಗುವಂತೆ ಮಾಡಬಹುದು. ನಿಮ್ಮ ಸಹಾಯಕಿಯಂತಹವರಿಗೆ ಈ ಕೊನೆಯ ಗುರುತು ಹೇಳಿ ಮಾಡಿಸಿದಂತಿದೆ. ಅವರು ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಆ ಹೆಸರಿನಿಂದ ಏನೂ ನಡೆಯುವುದಿಲ್ಲ. ಆದರೆ ನಿರ್ವಾಹಕರಲ್ಲದವರೂ ಅಲ್ಲಿ ಎಲ್ಲ ಸಾಧನಗಳನ್ನು ನಡೆಸಬಲ್ಲರು ಎಂಬುದನ್ನು ಮರೆಯಬಾರದು. ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿ ಬೀಗದ ಗುಂಡಿಯನ್ನು ಕಾಣದಂತೆ ಇಡಬಹುದು, ಅಷ್ಟೆ. ಕಾಣದಿರುವುದೂ ತಡೆಯುವುದೂ ಬೇರೆ ಬೇರೆ. 14 ವರ್ಷದ ಹುಡುಗನಿಗೆ ಆ ವ್ಯತ್ಯಾಸ ಅರ್ಥವಾಗಲು ಒಂದು ಸಂಜೆ ಸಾಕು, ನನ್ನ ಮಗಳಿಗೆ ಅಷ್ಟೂ ಬೇಕಾಗಲಿಲ್ಲ.

ಉತ್ತರ 3

ಇಲ್ಲಿಯವರೆಗಿನ ಉತ್ತರಗಳೆಲ್ಲ ಸರಿಯಾಗಿವೆ, ಆದರೆ ಪ್ರಶ್ನೆಯೊಳಗಿದ್ದ ಅತ್ತೆಯವರ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಂಡಿಲ್ಲ. ನನ್ನ ದೃಷ್ಟಿಯಲ್ಲಿ ಈ ಚರ್ಚೆ ಆರಂಭವಾಗಬೇಕಾದದ್ದೇ ಅಲ್ಲಿಂದ.

ಬಲ್ಬಿನ ಅನುಮತಿಯನ್ನೂ ಕ್ಯಾಮೆರಾದ ಅನುಮತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬಲ್ಬನ್ನು ಹಂಚುವಾಗ ನೀವು ಒಂದು ವಸ್ತುವನ್ನು ಹಂಚುತ್ತೀರಿ. ಕ್ಯಾಮೆರಾವನ್ನು ಹಂಚುವಾಗ ಅದರ ಮುಂದೆ ಕುಳಿತವರನ್ನು ಹಂಚುತ್ತೀರಿ. ಹಜಾರದಲ್ಲಿ ದಿನದ ಬಹುಪಾಲು ಕಳೆಯುವವರು ಅತ್ತೆಯವರಾದರೆ, ಆ ಕ್ಯಾಮೆರಾ ಯಾರ ಖಾತೆಯಲ್ಲಿದೆ ಎಂಬುದಕ್ಕಿಂತ ಮೊದಲು ಅದು ಅಲ್ಲಿರಲು ಅವರ ಒಪ್ಪಿಗೆ ಇದೆಯೇ ಎಂದು ಕೇಳಬೇಕು. ಅವರ ಆರೋಗ್ಯದ ದೃಷ್ಟಿಯಿಂದ ಕ್ಯಾಮೆರಾ ಬೇಕೇ ಬೇಕು ಎಂದಾದರೆ, ಯಾರು ನೋಡಬಹುದು, ಯಾವ ಹೊತ್ತಿನಲ್ಲಿ ನೋಡಬಹುದು, ಚಿತ್ರೀಕರಣ ಎಷ್ಟು ದಿನ ಉಳಿಯುತ್ತದೆ ಎಂಬ ಮೂರನ್ನೂ ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ. ಅದನ್ನು ಆಫ್ ಮಾಡುವ ದಾರಿ ಅವರ ಕೈಯಲ್ಲೂ ಇರಲಿ. ಮಸೂರವನ್ನು ಮುಚ್ಚುವ ಪರದೆ ಇರುವ ಕ್ಯಾಮೆರಾವಾದರೆ ಉತ್ತಮ, ಇಲ್ಲದಿದ್ದರೆ ಅದನ್ನು ಒಂದು ಸಾದಾ ಪ್ಲಗ್‌ಗೆ ಹಾಕಿ ಸ್ವಿಚ್ ತೋರಿಸಿಕೊಡಿ. ಫೋನೇ ಬಳಸದವರಿಗೂ ಮನೆಯಲ್ಲಿ ಹಕ್ಕುಗಳಿರುತ್ತವೆ, ಯಾವ ಆ್ಯಪಿನ ಸದಸ್ಯರ ಪಟ್ಟಿಯಲ್ಲೂ ಅವರ ಹೆಸರು ಇರುವುದಿಲ್ಲ.

ಚಟುವಟಿಕೆಯ ದಾಖಲೆಗೂ ಇದೇ ಮಾತು ಅನ್ವಯಿಸುತ್ತದೆ. ಬೀಗವನ್ನು ಯಾರು ಎಷ್ಟು ಹೊತ್ತಿಗೆ ತೆರೆದರು ಎಂಬ ಪಟ್ಟಿ ಕಳವಾದ ದಿನ ಉಪಯೋಗಕ್ಕೆ ಬರುತ್ತದೆ, ಉಳಿದ ದಿನಗಳಲ್ಲಿ ಅದು ಪತಿ ಎಷ್ಟು ಹೊತ್ತಿಗೆ ಮನೆಗೆ ಬಂದರು ಎಂಬ ಲೆಕ್ಕದ ಪುಸ್ತಕವಾಗುತ್ತದೆ. ಪ್ರತ್ಯೇಕ ಖಾತೆಗಳನ್ನು ಮಾಡಿದ ಮೇಲೆ ಎಲ್ಲರ ಹೆಸರೂ ಅಲ್ಲಿ ಸ್ಪಷ್ಟವಾಗಿ ಬೀಳತೊಡಗುವುದರಿಂದ, ಇದುವರೆಗೆ ಇಲ್ಲದಿದ್ದ ಒಂದು ಕಾವಲು ನಿಮಗೆ ಗೊತ್ತಿಲ್ಲದೆಯೇ ಹುಟ್ಟಿಕೊಳ್ಳುತ್ತದೆ. ಇದನ್ನು ಹೇಳಿ ಮಾಡಿ, ಹೇಳದೆ ಮಾಡಬೇಡಿ.

ಉತ್ಪ್ರೇಕ್ಷೆ ಎನಿಸಬಹುದೆಂದು ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಮೊದಲು ಇನ್ನಿಬ್ಬರೊಡನೆ ಒಂದು ಮನೆಯಲ್ಲಿದ್ದೆ. ಸಾಧನಗಳೆಲ್ಲ ಒಬ್ಬ ಗೆಳೆಯನ ಖಾತೆಯಲ್ಲಿದ್ದವು. ಅವನು ಬೇರೆ ಕೆಲಸ ಸಿಕ್ಕಿ ಮನೆ ಬಿಟ್ಟು ಹೋದ ನಂತರವೂ ನಮ್ಮ ಸ್ಪೀಕರ್ ಅವನ ಹಾಡುಗಳನ್ನು ನುಡಿಸುತ್ತಿತ್ತು. ಅವನು ಎಲ್ಲಿಂದಲೋ ತನ್ನ ಹೊಸ ಮನೆಯ ದೀಪವೆಂದು ಒತ್ತಿದಾಗ ಇಲ್ಲಿ ನನ್ನ ಕೋಣೆಯ ದೀಪ ಆರುತ್ತಿತ್ತು. ಅವನದು ಕೆಟ್ಟ ಉದ್ದೇಶವಲ್ಲ, ಹಳೆಯ ಮನೆಯನ್ನು ಆ್ಯಪಿನಿಂದ ಅಳಿಸಲು ಮರೆತಿದ್ದನಷ್ಟೆ. ಉದ್ದೇಶವೇ ಕೆಟ್ಟದಾಗಿದ್ದರೆ ಏನಾಗುತ್ತದೆ ಎಂಬುದೂ ಊಹೆಯ ಮಾತಾಗಿ ಉಳಿದಿಲ್ಲ. ಬೇರೆಯಾದ ಸಂಗಾತಿಗಳು ದೂರದಿಂದ ದೀಪ, ಬೀಗ, ತಾಪಮಾನಗಳನ್ನು ಬದಲಿಸಿ ಹಿಂಸಿಸಿದ ಪ್ರಸಂಗಗಳು 2018ರಷ್ಟು ಹಿಂದೆಯೇ ಪತ್ರಿಕೆಗಳಲ್ಲಿ ವರದಿಯಾಗಿವೆ. ಆ್ಯಪಲ್ ಕಂಪನಿ 2022ರಲ್ಲಿ ಐಒಎಸ್ 16ರೊಂದಿಗೆ ಸೇಫ್ಟಿ ಚೆಕ್ ಎಂಬ ಸೌಲಭ್ಯ ತಂದದ್ದು ಇಂತಹ ಸಂದರ್ಭಗಳಿಗಾಗಿಯೇ. ಯಾರ್‍ಯಾರೊಡನೆ ಏನೇನು ಹಂಚಿಕೊಂಡಿದ್ದೇವೆ ಎಂಬುದನ್ನು ಒಂದೇ ಕಡೆ ನೋಡಿ ಕಡಿದುಹಾಕಲು ಅದು ನೆರವಾಗುತ್ತದೆ.

ಅಧಿಕಾರವನ್ನು ಯಾರ ಕೈಯಲ್ಲಿಡಬೇಕು ಎಂಬುದನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಮನೆಯ ವಯಸ್ಕರಲ್ಲಿ ಒಬ್ಬರಿಗೆ ಮಾತ್ರ ತೆಗೆದುಹಾಕುವ ಶಕ್ತಿ ಇದ್ದು ಉಳಿದವರಿಗೆ ಬಳಸುವ ಶಕ್ತಿ ಮಾತ್ರ ಇದ್ದರೆ, ಅದು ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡಾದರೂ ಸಮಾನರ ನಡುವಿನ ಏರ್ಪಾಡಲ್ಲ. ನಿಮ್ಮ ಪತಿಯನ್ನು ಸದಸ್ಯರನ್ನಾಗಿ ಮಾಡಿ ನಿಲ್ಲಿಸಬೇಡಿ, ಎಲ್ಲೆಲ್ಲಿ ಅವಕಾಶವಿದೆಯೋ ಅಲ್ಲೆಲ್ಲ ಸಮಾನ ಅಧಿಕಾರದ ಅಡ್ಮಿನ್ ಮಾಡಿ.

ಉತ್ತರ 4

ನೀವು ಕೇಳಿದ ಕೊನೆಯ ಪ್ರಶ್ನೆಗೆ, ಅಂದರೆ ನೀವು ಕೈಗೆ ಸಿಗದಾಗ ಏನು ಎಂಬುದಕ್ಕೆ, ಉತ್ತರ 3ರ ಕೊನೆಯ ಸಾಲಿನಲ್ಲೇ ಅರ್ಧ ಪರಿಹಾರವಿದೆ. ಎರಡನೆಯ ಅಡ್ಮಿನ್ ಇದ್ದಿದ್ದರೆ ಆ ರಾತ್ರಿ ಒಟಿಪಿಯ ಅಗತ್ಯವೇ ಬರುತ್ತಿರಲಿಲ್ಲ. ಉಳಿದರ್ಧವನ್ನು ನಾನು ಹೇಳುತ್ತೇನೆ.

ಎರಡು ಹಂತದ ದೃಢೀಕರಣವನ್ನು ಎಸ್‌ಎಂಎಸ್‌ಗೆ ಮಾತ್ರ ಕಟ್ಟಿಹಾಕಬೇಡಿ. ದೃಢೀಕರಣದ ಆ್ಯಪ್ 30 ಸೆಕೆಂಡಿಗೊಮ್ಮೆ ಹುಟ್ಟಿಸುವ ಸಂಖ್ಯೆಗೆ ಸಿಗ್ನಲ್ ಬೇಕಾಗಿಲ್ಲ. ಗೂಗಲ್ ಖಾತೆಯಾದರೆ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಒಂದೊಂದನ್ನೂ ಒಮ್ಮೆ ಮಾತ್ರ ಬಳಸಬಹುದು. ಅವನ್ನು ಮುದ್ರಿಸಿ ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಅದೇ ಕಡತದಲ್ಲಿ ಪ್ರತಿ ಸಾಧನದ ಕ್ಯೂಆರ್ ಕೋಡ್ ಅಥವಾ ಮ್ಯಾಟರ್‌ನ 11 ಅಂಕೆಗಳ ಜೋಡಣೆ ಸಂಖ್ಯೆಯ ಚಿತ್ರವೂ ಇರಲಿ. ಬಲ್ಬನ್ನು ಹೋಲ್ಡರಿಗೆ ತಿರುಗಿಸಿದ ಮೇಲೆ ಆ ಸ್ಟಿಕ್ಕರ್ ಓದಲು ಏಣಿ ಹತ್ತಬೇಕಾಗುತ್ತದೆ. ಕೆಲವು ಕ್ಯಾಮೆರಾಗಳನ್ನು ಹಳೆಯ ಮಾಲೀಕರು ತಮ್ಮ ಖಾತೆಯಿಂದ ತೆಗೆಯುವವರೆಗೆ ಬೇರೆ ಯಾರೂ ಸೇರಿಸಿಕೊಳ್ಳಲಾಗುವುದಿಲ್ಲ, ರೀಸೆಟ್ ಗುಂಡಿ ಒತ್ತಿದರೂ ಸಹ. ಕಳ್ಳರಿಗೆಂದು ಮಾಡಿದ ಈ ತಡೆ ಕುಟುಂಬದವರನ್ನೂ ಹಿಡಿಯುತ್ತದೆ.

ಅಹಿತಕರವಾದರೂ ಇನ್ನೊಂದು ಮಾತನ್ನು ಹೇಳಲೇಬೇಕು. ಖಾತೆಯ ಒಡೆಯರು ಶಾಶ್ವತವಾಗಿ ಇಲ್ಲವಾದರೆ? ಆ್ಯಪಲ್ 2021ರ ಡಿಸೆಂಬರಿನಿಂದ ಲೆಗಸಿ ಕಾಂಟ್ಯಾಕ್ಟ್ ಎಂಬ ಏರ್ಪಾಡು ಇಟ್ಟಿದೆ. ಗೂಗಲ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ, ಖಾತೆ ಇಂತಿಷ್ಟು ತಿಂಗಳು ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕೆಂದು ಮೊದಲೇ ಬರೆದಿಡಬಹುದು. ಆದರೆ ಇವು ಸತ್ತವರ ಚಿತ್ರ, ಪತ್ರಗಳನ್ನು ತಲುಪಿಸಲು ಹುಟ್ಟಿದವು. ಲೆಗಸಿ ಕಾಂಟ್ಯಾಕ್ಟ್ ಆದವರಿಗೆ ಕೀಚೈನಿನಲ್ಲಿ, ಅಂದರೆ ಆ್ಯಪಲ್ ಪಾಸ್‌ವರ್ಡ್ ಉಳಿಸಿಡುವ ಜಾಗದಲ್ಲಿ, ಇದ್ದ ಪಾಸ್‌ವರ್ಡ್‌ಗಳು ಸಿಗುವುದಿಲ್ಲ. ಇದನ್ನು ನಂಬಿ ಮನೆಯ ಬೀಗವನ್ನು ಬಿಡುವಂತಿಲ್ಲ.

ಇಲ್ಲಿ ನಾನು ಮೊದಲ ಉತ್ತರದಿಂದ ಸ್ವಲ್ಪ ದೂರ ಸರಿಯುತ್ತೇನೆ. ಅವರು ಪ್ರತ್ಯೇಕ ಖಾತೆಗಳನ್ನು ಒಪ್ಪಿ ಸಾಮಾನ್ಯ ಖಾತೆಯನ್ನು ಬಿಟ್ಟರು. ಮಾಲೀಕರು ಒಬ್ಬರೇ ಇರಬೇಕೆಂದು ಹಟ ಹಿಡಿಯುವ ಆ್ಯಪ್‌ಗಳಲ್ಲಿ ಎರಡೂ ಬೇಕು ಎಂಬುದು ನನ್ನ ಅಭಿಪ್ರಾಯ: ಮನೆಗೆಂದೇ ತೆರೆದ ಒಂದು ಖಾತೆ ಮಾಲೀಕನಾಗಿ ಹಿಂದೆ ನಿಂತಿರಲಿ, ದಿನಬಳಕೆಗೆ ನೀವಿಬ್ಬರೂ ನಿಮ್ಮ ಸ್ವಂತ ಖಾತೆಗಳಿಂದ ಆಹ್ವಾನಿತರಾಗಿ ಒಳಬನ್ನಿ. ಆ ಮನೆಯ ಖಾತೆ ಯಾರ ಫೋನಿನಲ್ಲೂ ತೆರೆದಿರಬಾರದು, ಅದರ ಪಾಸ್‌ವರ್ಡ್ ಇಬ್ಬರು ವಯಸ್ಕರಿಗೆ ಮಾತ್ರ ತಿಳಿದಿರಬೇಕು.

ಉತ್ತರ 3ನ್ನು ಬರೆದವರು

ಉತ್ತರ 4ರ ಕೊನೆಯ ಸಲಹೆಗೆ ನನ್ನ ಆಕ್ಷೇಪವಿದೆ. ಹಂಚಿಕೊಂಡ ಪಾಸ್‌ವರ್ಡನ್ನು ಮುಂಬಾಗಿಲಿನಿಂದ ಓಡಿಸಿ ಹಿತ್ತಲ ಬಾಗಿಲಿನಿಂದ ಕರೆತಂದಂತಾಯಿತು. ಜೊತೆಗೆ, ಯಾರೂ ಕಣ್ಣಿಡದ ಖಾತೆಗೆ ಬರುವ ಭದ್ರತಾ ಎಚ್ಚರಿಕೆಯ ಪತ್ರಗಳನ್ನು ಓದುವವರು ಯಾರು? ಎರಡು ವರ್ಷ ಬಳಕೆಯಾಗದ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲೇ ಪ್ರಕಟಿಸಿದೆ.

ಉತ್ತರ 4ನ್ನು ಬರೆದವರು

ಆಕ್ಷೇಪ ನ್ಯಾಯವಾದದ್ದೇ. ಇಬ್ಬರು ಅಡ್ಮಿನ್‌ಗಳಿಗೆ ಅವಕಾಶ ಕೊಡುವ ಕಡೆ ಸಾಮಾನ್ಯ ಖಾತೆ ಬೇಡ, ಅದನ್ನು ಒಪ್ಪುತ್ತೇನೆ. ಒಬ್ಬರೇ ಮಾಲೀಕರಿರುವ ಕಡೆ ಮಾತ್ರ ಅದನ್ನು ಇಟ್ಟುಕೊಳ್ಳಿ, ಅದಕ್ಕೆ ಬರುವ ಪತ್ರಗಳು ಇಬ್ಬರಿಗೂ ತಲುಪುವಂತೆ ಫಾರ್ವರ್ಡ್ ಮಾಡಿಡಿ, ವರ್ಷಕ್ಕೆ ಎರಡು ಬಾರಿಯಾದರೂ ಒಳಹೊಕ್ಕು ಸದಸ್ಯರ ಪಟ್ಟಿಯನ್ನು ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಈ ವಾರಾಂತ್ಯ ಪೂರ್ತಿ ಇದಕ್ಕೇ ಹೋಯಿತು, ಆದ್ದರಿಂದ ಮಾಡಿದ್ದನ್ನು ತಿಳಿಸುತ್ತೇನೆ.

ಪತಿ ಈಗ ಸ್ಪೀಕರಿನ ಆ್ಯಪ್ ಮತ್ತು ಬೀಗದ ಆ್ಯಪ್ ಎರಡರಲ್ಲೂ ಅಡ್ಮಿನ್ ಆಗಿದ್ದಾರೆ. ಮಗನಿಗೆ ಅವನ ಕೋಣೆಯ ಎರಡು ದೀಪ ಮತ್ತು ಒಂದು ಪ್ಲಗ್ ಬಿಡಿಯಾಗಿ ಹೋಗಿವೆ. ಬೀಗದ ನಿಯಮ ಅಳಿಸಿದ್ದು ಅವನೂ ಅಲ್ಲ, ಪತಿಯೂ ಅಲ್ಲ, ದೀಪವೊಂದರ ಹೆಸರು ಬದಲಿಸುವಾಗ ನಾನೇ ಒತ್ತಿಬಿಟ್ಟಿದ್ದೆನೆಂಬುದು ಹುಡುಕಾಟದಲ್ಲಿ ತಿಳಿದು ಅವನ ಕ್ಷಮೆ ಕೇಳಬೇಕಾಯಿತು. ದೀಪದ ಕಂಪನಿಯ ಆ್ಯಪಿನಲ್ಲಿ ಮಾಲೀಕತ್ವವನ್ನು ವರ್ಗಾಯಿಸುವ ದಾರಿ ನನಗೆ ಕಾಣಲಿಲ್ಲ. ದೀಪಗಳನ್ನು ಒಂದೊಂದಾಗಿ ಅಳಿಸಿ ಮರಳಿ ಸೇರಿಸಿದೆ, ಮೂರು ವರ್ಷಗಳಲ್ಲಿ ಕಟ್ಟಿದ ವೇಳಾಪಟ್ಟಿಗಳೆಲ್ಲ ಹೋದವು. ಅವುಗಳಲ್ಲಿ ಅರ್ಧದಷ್ಟು ಏಕೆ ಮಾಡಿದ್ದೆನೆಂದು ನನಗೇ ನೆನಪಿರಲಿಲ್ಲ. ಸ್ವಿಚ್ಚುಗಳ ಮೇಲಿನ ಟೇಪನ್ನೂ ಕಿತ್ತೆ.

ಕ್ಯಾಮೆರಾದ ಬಗ್ಗೆ ಅತ್ತೆಯವರ ಜೊತೆ ಕುಳಿತು ಮಾತನಾಡಿದೆವು. ಹಗಲಿನಲ್ಲಿ ಸಹಾಯಕಿ ಇರುವಾಗ ಅದರ ಅಗತ್ಯವಿಲ್ಲ, ರಾತ್ರಿ ತಾವು ಎದ್ದು ಓಡಾಡುವ ಹೊತ್ತಿನಲ್ಲಿ ಇರಲಿ ಎಂದು ಅವರೇ ಹೇಳಿದರು. ನಾವು ಊಹಿಸಿದ್ದು ಇದಕ್ಕೆ ತದ್ವಿರುದ್ಧವಾಗಿತ್ತು. ಈಗ ಅದು ನನ್ನ ಮತ್ತು ಪತಿಯ ಖಾತೆಗಳಲ್ಲಿ ಮಾತ್ರ ಇದೆ, ಅದರ ಸ್ವಿಚ್ ಅತ್ತೆಯವರ ಕುರ್ಚಿಯ ಪಕ್ಕದಲ್ಲಿದೆ.

ಉಳಿದಿರುವುದು ಸಹಾಯಕಿಯವರದು. ಅವರ ಫೋನಿನಿಂದ ನನ್ನ ಖಾತೆಯನ್ನು ಅವರ ಎದುರಿಗೇ ತೆಗೆದೆ; ತಮ್ಮ ಫೋನಿನಲ್ಲಿ ನನ್ನ ಪತ್ರಗಳ ಸೂಚನೆಗಳೂ ಬರುತ್ತಿದ್ದವೆಂದು ಆಗ ಅವರು ಸಂಕೋಚದಿಂದ ಹೇಳಿದರು. ಅವರಿಗೆ ಬೇಕಾಗಿರುವುದು ಬೆಳಿಗ್ಗೆ ಬಾಗಿಲು ತೆರೆದು ಒಳಬರುವುದಷ್ಟೆ. ಅದಕ್ಕಾಗಿ ಬೀಗದ ಆ್ಯಪಿಗೆ ಅವರನ್ನೂ ಸದಸ್ಯರನ್ನಾಗಿ ಸೇರಿಸಬೇಕೇ?

ಉತ್ತರ 1ನ್ನು ಬರೆದವರು

ಬೇಡ. ನಿಮ್ಮ ಬೀಗಕ್ಕೆ ಅಂಕೆಗಳ ಫಲಕವಿದ್ದರೆ ಅವರಿಗೆಂದೇ ಒಂದು ಪ್ರತ್ಯೇಕ ಪಿನ್ ಕೊಡಿ, ಬರುವ ದಿನ ಮತ್ತು ಹೊತ್ತಿಗೆ ಅದನ್ನು ಸೀಮಿತಗೊಳಿಸಿ. ಖಾತೆ, ಆ್ಯಪ್, ಫೋನ್ ಯಾವುದೂ ಅವರಿಗೆ ಬೇಕಾಗುವುದಿಲ್ಲ. ಅವರು ಕೆಲಸ ಬಿಟ್ಟ ದಿನ ಆ ಒಂದು ಪಿನ್ ಅಳಿಸಿದರೆ ಸಾಕು, ಮನೆಯವರ ಪಿನ್‌ಗಳು ಬದಲಾಗಬೇಕಾಗಿಲ್ಲ. ಕುಟುಂಬದವರೆಲ್ಲ ಬಳಸುವ ಪಿನ್ನನ್ನೇ ಅವರಿಗೂ ಹೇಳಿಬಿಡುವ ತಪ್ಪು ಮಾತ್ರ ಆಗದಿರಲಿ. ಕೆಲವು ಬೀಗಗಳಲ್ಲಿ ಬ್ಯಾಟರಿ ಬದಲಿಸಿದಾಗ ಒಳಗಿನ ಗಡಿಯಾರ ತಪ್ಪಿಹೋಗುತ್ತದೆ. ಹೊಸ ಬ್ಯಾಟರಿ ಹಾಕಿದ ಕೂಡಲೇ ಆ್ಯಪಿನಲ್ಲಿ ಸಮಯ ಸರಿಯಾಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಅವರು ಸರಿಯಾದ ಪಿನ್ ಒತ್ತಿಯೂ ಬಾಗಿಲ ಹೊರಗೆ ನಿಂತಿರುತ್ತಾರೆ.